ಶಾಹೀನ್‌ಳ ಬೆನ್ನಿನ ಮೇಲಿನ ಗುಳ್ಳೆ

ಶಾಹೀನ್‌ಳ ಕಾಯಿಲೆಯ ಸುಳಿವು ನನಗೆ ಮೊದಲೇ ಸಿಕ್ಕಿತ್ತು. ಹೇಳಲಿಲ್ಲ. ಹೇಳಿದರೆ ಅವಳು ನನ್ನಲ್ಲಿಗೆ ಬರುವುದು ನಿಲ್ಲುತ್ತದೆ ಎಂದು — ಅಷ್ಟೇ ಕಾರಣ, ಬೇರೇನೂ ಅಲ್ಲ.

ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ನನ್ನದೊಂದು ಚಿಕ್ಕ ಫಿಸಿಯೋಥೆರಪಿ ಕ್ಲಿನಿಕ್, ಮೇಲೆ ಮನೆ. ಅವ್ವ ತೀರಿಕೊಂಡ ಮೇಲೆ ಅಲ್ಲಿ ನಾನೊಬ್ಬಳೇ. ಶಾಹೀನ್ ಕಮಲಾಪುರದ ಉರ್ದು ಶಾಲೆಯ ಟೀಚರ್. ಬೆನ್ನುನೋವೆಂದು ಪ್ರತಿ ಶನಿವಾರ ಮಧ್ಯಾಹ್ನ ಬಸ್ಸಿಗೆ ಬರುತ್ತಿದ್ದಳು, ಚೀಲದಲ್ಲಿ ತನ್ನೂರಿನ ಕೆಂಪು ಬಾಳೆಹಣ್ಣು ಇಟ್ಟುಕೊಂಡು. ಚಿಕಿತ್ಸೆ ಮುಗಿದರೂ ಏಳುತ್ತಿರಲಿಲ್ಲ. ಚಹಾ ಕುಡಿಯುತ್ತ, ತಮ್ಮ ಹೆಡ್‌ಮಾಸ್ತರರನ್ನು ಅಣಕಿಸಿ ನಗಿಸುತ್ತಿದ್ದಳು. ಉಳಿದ ದಿನಗಳಲ್ಲಿ, ರೋಗಿಗಳಿಗೆ ‘ಉಸಿರು ಎಳೀರಿ, ಬಿಡ್ರಿ’ ಎನ್ನುವುದು ಬಿಟ್ಟರೆ ನಾನು ಯಾರೊಡನೆಯಾದರೂ ಮಾತಾಡುತ್ತಿದ್ದೆನೇ — ನೆನಪಿಲ್ಲ.

ಒಂದು ಶನಿವಾರ ಬಿಸಿನೀರಿನ ಚೀಲ ತೆಗೆದಾಗ ಅವಳ ಬೆನ್ನ ಮೇಲೆ ಸುಟ್ಟ ಗುಳ್ಳೆ ಎದ್ದಿತ್ತು.

“ಉರೀಲಿಲ್ಲೇನ್ರೀ?”

“ಇಲ್ರೀ ಮೇಡಂ, ಏನೂ ಗೊತ್ತೇ ಆಗಿಲ್ಲ.”

ಗುಳ್ಳೆಯ ಪಕ್ಕ ಬೆರಳಿನಿಂದ, ಆಮೇಲೆ ಬಿಸಿ ಚೀಲದ ಅಂಚಿನಿಂದ ಮುಟ್ಟಿ ನೋಡಿದೆ. ಅವಳಿಗೆ ಮುಟ್ಟಿದ್ದು ತಿಳಿಯುತ್ತಿತ್ತು, ಬಿಸಿ ಮಾತ್ರ ತಿಳಿಯುತ್ತಿರಲಿಲ್ಲ. ಬೆನ್ನುಹುರಿಯ ಒಳಗೇ ಗಡ್ಡೆ ಬೆಳೆದಾಗ ಹೀಗಾಗುವುದುಂಟು. ಅಪರೂಪ, ಆದರೆ ಕಂಡರೆ ತಡಮಾಡದೆ ಸ್ಕ್ಯಾನಿಗೆ ಕಳಿಸಬೇಕು. ಓದಿದ್ದೆ. ನರರೋಗದ ಡಾಕ್ಟರ ಹೆಸರು ನಾಲಿಗೆಯ ತುದಿಗೂ ಬಂದಿತ್ತು —

“ನಿಮ್ಮ ಚರ್ಮ ಭಾಳ ನಾಜೂಕದ,” ಅಂದೆ. “ಮುಂದಿನ ವಾರ ಬರ್ರಿ.”

ಬಂದಳು. ಮಳೆಗಾಲ ಮುಗಿಯುವವರೆಗೂ ಬಂದಳು. ಆಮೇಲೊಂದು ದಿನ ಶಾಲೆಯ ಮೆಟ್ಟಿಲ ಮೇಲೆ ಕಾಲು ಸೋತು ಬಿದ್ದಳು. ಅವಳ ಅಣ್ಣ ಸ್ಕ್ಯಾನ್ ಮಾಡಿಸಿದ. ಹೈದರಾಬಾದಿನಲ್ಲಿ ಗಡ್ಡೆ ತೆಗೆದರು. ಕಾಲಿನ ಬಲ ತಿರುಗಿ ಬರಲಿಲ್ಲ. ಊರಿಗೆ ಮರಳಿದವಳನ್ನು ನೋಡಲು ಹೋದಾಗ, ನನ್ನ ಕೈ ಹಿಡಿದು ಪಕ್ಕದ ಮನೆಯವರಿಗೆ ಹೇಳಿದಳು: “ಮೇಡಂ ನನಗ ಭಾಳ ಆರೈಕಿ ಮಾಡ್ಯಾರ.” ಆ ಮಾತನ್ನೂ ಸುಮ್ಮನೆ ತೆಗೆದುಕೊಂಡು ಬಂದೆ.

ವರ್ಷಗಳು ಹೋದವು. ಹೋದ ತಿಂಗಳು ಕಮಲಾಪುರಕ್ಕೆ ಹೋಗಿ, ಅವಳ ಗಾಲಿಕುರ್ಚಿಯ ಎದುರು ಕೂತು ಎಲ್ಲ ಹೇಳಿದೆ. ಗುಳ್ಳೆ, ಸುಳ್ಳು, ನನ್ನ ಒಂಟಿತನ — ಆ ಕೊನೆಯದನ್ನು ಹೇಳುವಾಗ ನನಗೇ ಅಸಹ್ಯವಾಯಿತು.

ಅವಳು ಕುರ್ಚಿಯ ಗಾಲಿಗಳನ್ನು ಹಿಂದಕ್ಕೆ ತಳ್ಳಿಕೊಂಡಳು.

“ಖರೇನೇ ಗೊತ್ತಿತ್ತೇನ್ರೀ?”

“ಗೊತ್ತಿತ್ತು.”

“ಒಂದ್ ಮಾತು ಹೇಳಬೇಕಿತ್ರೀ ಮೇಡಂ. ನೋವು ಹೋದ ಮ್ಯಾಲೂ ನಾ ನಿಮ್ಮ ಸಲುವಾಗಿ ಬರ್ತಿದ್ದೆ.”

ಬಾಗಿಲು ಎಳೆದುಕೊಂಡು ಹೋಗಲು ಹೇಳಿದಳು. ಎಳೆದುಕೊಂಡು, ಬಸ್ ಸ್ಟ್ಯಾಂಡಿನವರೆಗೂ ನಡೆದು ಬಂದೆ.