ಒಣಮೀನಿನ ಶೆಡ್ಡಿನಲ್ಲಿ ನಾಳಿನ ಲೋಕ

ಹೋದ ತಿಂಗಳು ಬ್ರಹ್ಮಾವರದ ರೇಡಿಯೋ ರಿಪೇರಿ ಶೀನಣ್ಣನ ಮಗಳು ಒಂದು ದಪ್ಪ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, "ಅಪ್ಪಯ್ಯ ಸಾಯು ಮೊದ್ಲ್ ಇದ್ನ ನಿಮ್ಗೇ ಕೊಡ್ಕ್ ಅಂದಿದ್ರ್" ಎಂದಳು. ತೆರೆದರೆ ಒಣಮೀನಿನ ವಾಸನೆ. ಇಷ್ಟು ವರ್ಷ ಕಳೆದರೂ ಹಾಳೆ ಬಿಟ್ಟು ಹೋಗಿಲ್ಲ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ, ನನಗಂತೂ ತ್ರಾಸಿಯ ದೊಡ್ಡಮ್ಮನ ಮನೆ, ಉಪ್ಪು ಹಿಡಿದು ಬೆಳ್ಳಗಾದ ಅದರ ಅಂಗಳ, ಅಂಗಳದಾಚೆ ಮೀನು ಒಣಗಿಸುವ ಉದ್ದನೆಯ ಶೆಡ್ಡು, ಎಲ್ಲವೂ ಒಟ್ಟಿಗೇ ಕಣ್ಣೆದುರು ಬಂದವು. ನಿಮಗೂ ಇಂಥದ್ದೊಂದು ವಾಸನೆ ಇರಬಹುದು.

ಮಳೆಗಾಲದಲ್ಲಿ ದೋಣಿಗಳು ದಡ ಸೇರಿ ಶೆಡ್ಡು ಖಾಲಿಯಾದಾಗ ಅಲ್ಲಿ ವರ್ಷಕ್ಕೊಮ್ಮೆ ಶೀನಣ್ಣನ 'ನಾಳಿನ ಲೋಕ ಸಮ್ಮೇಳನ' ನಡೆಯುತ್ತಿತ್ತು. ಹೆಸರು ಕೇಳಿದರೆ ಸಾವಿರ ಜನ ಅನ್ನಿಸಬೇಕು. ಸೇರುತ್ತಿದ್ದದ್ದು ವಿಜ್ಞಾನ ಕತೆಗಳ ಹುಚ್ಚು ಹಿಡಿದ ಹದಿನೈದೇ ಮಂದಿ. ಕೊಲ್ಲೂರಿನ ಲಾಡ್ಜೊಂದರ ಗುಮಾಸ್ತರು, ಬಿಜೂರಿನ ತೆಂಗಿನ ತೋಟದವರು, ಕುಂದಾಪುರ ಪೇಟೆಯ ಟೈಲರ್, ಹೀಗೆ. ವರ್ಷವಿಡೀ ಒಂದೇ ಕತೆ, ಒಂದೇ ನೋಟ್‌ಬುಕ್ಕು. ಒಬ್ಬರು ಒಂದು ಅಧ್ಯಾಯ ಬರೆದು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಅದು ಮುಂದಿನವರ ಊರಲ್ಲಿ ಇಳಿಯುತ್ತಿತ್ತು. ಕಂಡಕ್ಟರೊಬ್ಬ ದಾರಿಯಲ್ಲೇ ಓದಿ, ನಾಯಕನನ್ನು ಕೊಂದದ್ದು ಯಾಕೆಂದು ಶೀನಣ್ಣನ ಅಂಗಡಿಗೇ ಜಗಳಕ್ಕೆ ಬಂದಿದ್ದ. ಮಾರನೇ ವರ್ಷದಿಂದ ಅವನೂ ಸದಸ್ಯ. ಸಮ್ಮೇಳನದ ದಿನ ಇಡೀ ಕತೆಯನ್ನು ಶೀನಣ್ಣ ಗಟ್ಟಿಯಾಗಿ ಓದುತ್ತಿದ್ದ, ತಗಡಿನ ಮೇಲೆ ಮಳೆ ಅವನ ಗಂಟಲಿಗೆ ಪೈಪೋಟಿ ಕೊಡುತ್ತಿತ್ತು.

ದೊಡ್ಡಮ್ಮನಿಗೆ ಓದು ಬರುತ್ತಿರಲಿಲ್ಲ. ಎಲ್ಲರಿಗೂ ಗಂಜಿ, ಒಣಮೀನಿನ ಚಟ್ನಿ ಮಾಡಿಟ್ಟು ಬಾಗಿಲ ಬಳಿ ಕೂತು ಕೇಳುವಳು. ಒಂದು ವರ್ಷ ಶೀನಣ್ಣ, ತುಂಬ ವೇಗವಾಗಿ ಹೋಗುವ ಆಕಾಶನೌಕೆಯಲ್ಲಿ ಕಾಲ ನಿಧಾನ, ಅಲ್ಲಿ ಕೆಲವು ದಿನ ಕಳೆದರೆ ಇಲ್ಲಿ ಎಷ್ಟೋ ವರ್ಷ ಆಗಿರುತ್ತದೆ ಎಂದು ವಿವರಿಸಿದ. ದೊಡ್ಡಮ್ಮ ಬಾಗಿಲ ಬಳಿಯಿಂದ ಮುಂದಕ್ಕೆ ಸರಿದಳು.

"ಹಾಂಗಾರೆ ಹೋದವ್ರ್ ಹೋದ ಪ್ರಾಯದಗೇ ತಿರ್ಗಿ ಬತ್ರಾ?"

"ಲೆಕ್ಕ ಹಾಂಗೇ ಹೇಳತ್ತ್ ಅಕ್ಕ" ಎಂದ ಶೀನಣ್ಣ.

ದೊಡ್ಡಪ್ಪ ಮೀನಿಗೆ ಹೋದ ದೋಣಿ ವಾಪಸು ಬಂದಿರಲಿಲ್ಲ. ನಾನು ಹುಟ್ಟುವ ಮೊದಲಿನ ಸಂಗತಿ ಅದು. ಅವನ ಹೆಸರನ್ನು ದೊಡ್ಡಮ್ಮ ಎತ್ತಿದ್ದನ್ನು ನಾನು ಕೇಳಿಯೇ ಇಲ್ಲ. ಮುಂದಿನ ಬೇಸಿಗೆಯಲ್ಲಿ ನೋಟ್‌ಬುಕ್ಕು ದೊಡ್ಡಮ್ಮನ ಮನೆಗೆ ಬಂದಾಗ, ರಜೆಗೆ ಅಲ್ಲಿದ್ದ ನನ್ನನ್ನು ಅವಳು ಕರೆದು, "ನಂದೂ ಒಂದ್ ಇರ್ಲಿ. ನಾ ಹೇಳ್ತೆ, ನೀ ಬರಿ ಹೆಣ್ಣೆ" ಎಂದಳು. ಮೀನಿಗೆ ಉಪ್ಪು ಸವರುತ್ತಾ ಒಂದಿಡೀ ಮಧ್ಯಾಹ್ನ ಹೇಳಿದಳು. ಆಕಾಶನೌಕೆ ನಮ್ಮ ಕಡಲ ದಡದಲ್ಲಿ ಇಳಿಯುತ್ತದೆ. ಇಳಿದವನು ಹೋದಾಗಿನ ಹಾಗೆಯೇ ಎಳೆಯ ಗಂಡಸು. ದಡದಲ್ಲಿ ತಲೆ ನರೆತ ಹೆಂಗಸೊಬ್ಬಳು ಮೀನಿನ ಬುಟ್ಟಿ ಹೊತ್ತು ನಿಂತಿದ್ದಾಳೆ. ಅವಳಿಗೆ ಗುರುತು ಸಿಕ್ಕಿತು, ಅವನಿಗೆ ಸಿಗಲಿಲ್ಲ. "ಹ್ವಾಯ್ ಅಜ್ಜಿ, ಇಲ್ಲೊಂದ್ ಮನಿ ಇದ್ದಿತ್ತಲೆ, ಎಲ್ ಹೋಯ್ತ್?" ಎಂದು ಕೇಳುತ್ತಾನೆ. ಹೆಂಗಸು ಬುಟ್ಟಿ ಇಳಿಸಿ ಉತ್ತರ ಕೊಡುತ್ತಾಳೆ. ಆ ಉತ್ತರವನ್ನೂ ದೊಡ್ಡಮ್ಮ ಹೇಳಿದಳು, ಕಡಲ ಕಡೆ ಮುಖ ಮಾಡಿ.

ನಾನಾಗ ಹತ್ತನೇ ಕ್ಲಾಸು, ವಿಜ್ಞಾನದಲ್ಲಿ ಎಲ್ಲರಿಗಿಂತ ಮುಂದೆ ಎಂಬ ಕೊಬ್ಬು ಬೇರೆ. ವಿಜ್ಞಾನ ಕತೆಯಲ್ಲಿ ಮೀನಿನ ಬುಟ್ಟಿಯೇ! ಕೊಲ್ಲೂರಿನವರು ನಗುವುದಿಲ್ಲವೇ! ಒಂದಕ್ಷರವನ್ನೂ ಬರೆದುಕೊಳ್ಳದೆ, ಆಮೇಲೆ ಕೂತು ಉಕ್ಕಿನ ನಗರ, ಎರಡು ರೋಬಾಟು, ಪಠ್ಯಪುಸ್ತಕದ ಮೂರು ಸೂತ್ರ ಸೇರಿಸಿ ನನ್ನದೇ ಒಂದು ಅಧ್ಯಾಯ ಬರೆದೆ. ಮೇಲೆ 'ದೊಡ್ಡಮ್ಮನ ಅಧ್ಯಾಯ' ಎಂದು ಚಂದದ ಅಕ್ಷರದಲ್ಲಿ ಹೆಸರಿಟ್ಟೆ. ಓದು ಬಾರದವಳಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆನೋ ಏನೋ. ಗಟ್ಟಿಯಾಗಿ ಓದುತ್ತಾರೆಂಬುದೇ ನನ್ನ ಪೆದ್ದು ತಲೆಗೆ ಹೊಳೆದಿರಲಿಲ್ಲ.

ಆ ಸಮ್ಮೇಳನಕ್ಕೆ ದೊಡ್ಡಮ್ಮ ಹೊಸ ಸೀರೆ ಉಟ್ಟು, ಮೊದಲ ಸಲ ಎದುರಿನ ಬೆಂಚಿನಲ್ಲಿ ಕೂತಳು. ಶೀನಣ್ಣ ಓದುತ್ತಾ ಹೋದ ಹಾಗೆ ಅವಳು ಮುಂದಕ್ಕೆ ಬಾಗಿ, ತನ್ನ ಹೆಂಗಸು ಈಗ ಬಂದಾಳು, ಈಗ ಬಂದಾಳು ಎಂದು ಕಾದಳು. ಕತೆ ಮುಗಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಎದ್ದು ನನ್ನ ಪಕ್ಕ ಹಾದು ಹೋಗುವಾಗ, "ಚಂದ ಇತ್ತ್. ನಾ ಹೇಳದ್ ಮಾತ್ರ ಅದ್ರಗಿಲ್ಲ" ಎಂದಳು. ಬೈಯಲಿಲ್ಲ. ಗಂಜಿ ಬಡಿಸಲು ಹೋದಳು.

ಮುಂದಿನ ವರ್ಷವೂ ಶೆಡ್ಡು ಕೊಟ್ಟಳು, ಗಂಜಿ ಕೊಟ್ಟಳು, ಬಾಗಿಲ ಬಳಿ ಮಾತ್ರ ಕೂರಲಿಲ್ಲ. ಶೀನಣ್ಣ ಇನ್ನೊಂದು ಕತೆ ಕೇಳಿದರೆ, "ನಂಗೆಂತ ಗೊತ್ತಿತ್ತ್ ಮಾರಾಯ" ಎಂದು ನಕ್ಕಳು. ಆಮೇಲೆ ಹದಿನೈದು ಮಂದಿ ಎಂಟಾದರು, ನಾಲ್ಕಾದರು. ಟಿವಿ ಬಂತಲ್ಲ, ಅದಕ್ಕೇ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಹೆದ್ದಾರಿ ಅಗಲವಾದಾಗ ಶೆಡ್ಡೂ ಹೋಯಿತು, ಅಂಗಳವೂ ಹೋಯಿತು. ಈ ಸಲ ಊರಿಗೆ ಹೋದಾಗ ತಪ್ಪಾಯಿತು ಎನ್ನಬೇಕು, ಆ ಕತೆ ಮತ್ತೊಮ್ಮೆ ಹೇಳಿಸಿಕೊಳ್ಳಬೇಕು ಎಂದು ಪ್ರತಿ ಸಲ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಿರುವಾಗಲೇ ದೊಡ್ಡಮ್ಮ ತೀರಿಕೊಂಡಳು.

ನೋಟ್‌ಬುಕ್ಕಿನಲ್ಲಿ ನನ್ನ ರೋಬಾಟುಗಳ ನಂತರ ನಾಲ್ಕು ಹಾಳೆ ಖಾಲಿ ಇವೆ. ಮೊದಲ ಹಾಳೆಯ ತಲೆಯಲ್ಲಿ ಶೀನಣ್ಣನ ಅಕ್ಷರ: 'ಇದು ಅಕ್ಕನ ನಿಜವಾದ ಕತೆಗೆ.' ಅವನಿಗೆ ಅಂದೇ ಗೊತ್ತಾಗಿತ್ತು. ನಿನ್ನೆ ಬೆಳಿಗ್ಗೆ ಬರೆಯಲು ಕೂತೆ. ಆಕಾಶನೌಕೆ ಇಳಿಯಿತು, ಎಳೆಯ ಗಂಡಸು ಬಂದ, ಮನೆ ಎಲ್ಲಿ ಹೋಯಿತೆಂದು ಕೇಳಿದ, ಹೆಂಗಸು ಬುಟ್ಟಿ ಇಳಿಸಿದಳು. ಅಲ್ಲಿಗೆ ನಿಂತಿತು. ಅವಳು ಕೊಟ್ಟ ಉತ್ತರ ನನಗೆ ನೆನಪಿಲ್ಲ. ಎಷ್ಟು ಕೂತರೂ ಬರಲಿಲ್ಲ. ದೊಡ್ಡಮ್ಮ ಅದನ್ನು ಹೇಳಿದ್ದಳು. ಆ ಮಧ್ಯಾಹ್ನ ಪೆನ್ನು ನನ್ನ ಕೈಯಲ್ಲೇ ಇತ್ತು.