ಹೆಂಗ್‌ಟಾನಿನ ವೆನ್

ಕೊಲ್ಲಿ ನಾಡಿನ ಮೆಸಯೀದಿನ ಕಂಪನಿ ಕ್ಯಾಂಪಿನಲ್ಲಿ ಕೆಲಸಗಾರರ ಕಡತ ನೋಡಿಕೊಳ್ಳುವವಳು ಕಿನ್ನಿಗೋಳಿಯ ಫ್ಲೋರಿನ್. ಮಾತು ಕಡಿಮೆ, ಅಕ್ಷರ ಮುತ್ತಿನಂಥದು. ಹದಿನಾರು ವರ್ಷಗಳಿಂದ ಬಂದವರ ಹೆಸರು, ತಂದೆಯ ಹೆಸರು, ಊರು ಬರೆದುಕೊಂಡು ಕಳಿಸುತ್ತಿದ್ದಳು. ಆ ಊರುಗಳು ಹೇಗಿರಬಹುದೆಂದು ಯೋಚಿಸಿದವಳಲ್ಲ.

ವೆಲ್ಡರ್ ವೆನ್ ನಿದ್ದೆಯಲ್ಲೇ ಎದೆಬಡಿತ ನಿಂತು ಸತ್ತ ಮೇಲೆ ಅವಳ ಮಧ್ಯಾಹ್ನಗಳು ಕೆಟ್ಟವು. ಊಟದ ಹೊತ್ತಿಗೆ ಆಫೀಸು ಖಾಲಿಯಾದರೆ ಕೌಂಟರಿನ ಆಚೆ ಯಾರೋ ಕಾದು ನಿಂತಂತೆ. ಸುಟ್ಟ ಕಬ್ಬಿಣದ ವಾಸನೆ. ತಲೆಯೆತ್ತಿದರೆ ಯಾರೂ ಇಲ್ಲ.

ಎಂಟು ವರ್ಷದ ಹಿಂದೆ ಅವನು ಅಲ್ಲೇ ನಿಂತು ಹಟ ಹಿಡಿದಿದ್ದ. ಚೀನಾದಲ್ಲಿ ಅವನ ಕೌಂಟಿ, ಅಂದರೆ ನಮ್ಮ ತಾಲೂಕಿನಂಥದು, ಹೆಂಗ್‌ಟಾನ್. ಅರ್ಧ ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ಉಳಿದರ್ಧ ಪಕ್ಕದ ಕೌಂಟಿಗೆ ಸೇರಿ, ಹೆಸರೇ ಅಳಿದಿತ್ತು. ಕಂಪ್ಯೂಟರಿನ ಪಟ್ಟಿಯಲ್ಲಿ ಅದಿರಲಿಲ್ಲ. ಕೌಂಟಿಯ ಹಳೆಯ ಚರಿತ್ರೆಯ ಪುಸ್ತಕದ ಒಂದು ಹಾಳೆಯ ಜೆರಾಕ್ಸ್ ಮುಂದಿಟ್ಟು ಅವನು ಬೆರಳಿಟ್ಟು ತೋರಿಸಿದ. "ಎರಡೂ ಒಂದೇ, ಖಲಾಸ್" ಎಂದು ಅವಳು ಪಕ್ಕದ ಕೌಂಟಿಯ ಹೆಸರು ಒತ್ತಿದ್ದಳು.

ಈಗ ದುಭಾಷಿಯ ಕೈಯಲ್ಲಿ ಅವನ ತಂಗಿ ಹೇಳಿಸಿದ್ದಳು: ಹೂಳುವ ಮುನ್ನ ನಮ್ಮ ಹಿರಿಯರು ಶವದ ಜೊತೆ ಬಂದ ಕಾಗದ ನೋಡಿ ಊರಿನ ಹೆಸರು ಕೂಗುತ್ತಾರೆ. ಬೇರೆ ಊರು ಕೂಗಿದರೆ ಅಣ್ಣ ಅಲ್ಲಿಗೇ ಹೋಗಿಬಿಡುತ್ತಾನೆ.

ವಿಮಾನ ನಾಳೆಯೇ ಇತ್ತು. ಫ್ಲೋರಿನ್ ಮ್ಯಾನೇಜರ್ ಯಜ್ಞೇಶನ ಬಳಿ ಹೋದಳು.

"ಎಂತ ಫ್ಲೋರಿನ್ ಬಾಯಿ, ಇಲ್ಲದ ಊರಿಗೆ ಹೆಣ ಬುಕ್ ಮಾಡ್ಲಿಕ್ಕೆ ಆಗ್ತದಾ?" ಅವನು ನಕ್ಕ. "ಸಿಸ್ಟಂ ತಗೊಳ್ಳುದಿಲ್ಲ."

"ವಿಮಾನದ ಕಾಗದ ಹಾಗೇ ಇರ್ಲಿ. ಒಂದು ಲೆಟರ್‌ಹೆಡ್ ಕೊಡಿ, ಕೈಯಲ್ಲಿ ಬರೀತೇನೆ."

"ಪ್ರೂಫ್ ಎಂತ ಉಂಟು?"

ಅವಳು ಕಡತದಿಂದ ಆ ಜೆರಾಕ್ಸ್ ತೆಗೆದು ಬಿಡಿಸಿದಳು. ಒಂದು ನಕ್ಷೆ, ನಡುವೆ ನದಿ.

"ಇದನ್ನು ಆಗ್ಲೇ ತೋರಿಸ್ಬೇಕಿತ್ತಲ್ಲ ಮಾರಾಯ್ರೆ!"

"ಹೌದು, ತಪ್ಪು ನಂದೇ. ಅದನ್ನೂ ಬರಿಯುದಾ?"

ಯಜ್ಞೇಶ ನಗು ನಿಲ್ಲಿಸಿ ಲೆಟರ್‌ಹೆಡ್ಡನ್ನೂ ಸೀಲನ್ನೂ ಅವಳತ್ತ ತಳ್ಳಿದ.

ಅಂದು ವೆನ್ ಬೆರಳಿಟ್ಟ ಹೆಸರು ಅವಳಿಗೆ ಗೊತ್ತಿಲ್ಲದ ಲಿಪಿಯಲ್ಲಿತ್ತು. ಗೆರೆಗೆರೆ ನೋಡಿ ಬಿಡಿಸುವಷ್ಟರಲ್ಲಿ ಮೂರು ಹಾಳೆ ಕೆಟ್ಟವು. ಬೆನ್ನ ಹಿಂದೆ ಯಾರೋ ಬಗ್ಗಿ ನೋಡುತ್ತಿದ್ದಂತಿತ್ತು, ಅವಳು ತಿರುಗಲಿಲ್ಲ. ನಾಲ್ಕನೆಯದನ್ನು ಲಕೋಟೆಗೆ ಹಾಕಿ ಪೆಟ್ಟಿಗೆಯ ಜೊತೆ ಕಳಿಸಿದಳು.

ಹತ್ತು ದಿನಕ್ಕೆ ತಂಗಿಯ ಉತ್ತರ ಬಂತು. ಹಿರಿಯರು ಜಲಾಶಯದ ಕಡೆ ಮುಖ ಮಾಡಿ ಹೆಂಗ್‌ಟಾನ್ ಎಂದು ಮೂರು ಸಲ ಕೂಗಿದರಂತೆ. ಮೂರನೆಯ ಕೂಗಿಗೆ ನೀರಿನ ಮೇಲಿಂದ ಓಗೊಟ್ಟದ್ದು ಕೇಳಿಸಿತಂತೆ.

ಓಗೊಟ್ಟವರು ಒಬ್ಬರಲ್ಲ, ಎಂದು ತಂಗಿ ಬರೆದಿದ್ದಳು.