ಕೈಯಿಂದ ಹೆಕ್ಕಿದ್ದು ಎಂಬ ಲೇಬಲ್

ಸೌದಿಯ ಥುಕ್ಬಾದ ನಮ್ಮ ಅಡುಗೆಮನೆಯಲ್ಲಿ ಹೆಂಡತಿ ಸ್ಕಾಲಪ್ ತೊಳೆಯುತ್ತಿದ್ದಳು. ನಾನು ಕೆಲಸ ಮಾಡುವ ಮೀನು ಆಮದು ಕಂಪನಿ ಹೊರದೇಶದಿಂದ ತರಿಸುವ, ಬೀಸಣಿಗೆಯಾಕಾರದ ಚಿಪ್ಪುಮೀನು ಅದು. ಸ್ಯಾಂಪಲ್ ಎಂದು ಒಂದು ಪ್ಯಾಕೆಟ್ ತಂದಿದ್ದೆ. ಮೂರು ಸಲ ನೀರು ಬದಲಿಸಿದರೂ ಪಾತ್ರೆಯ ತಳದಲ್ಲಿ ಮರಳು. ಅವಳು ಪ್ಯಾಕೆಟ್ ತಿರುಗಿಸಿ ಓದಿದಳು.

"ಕೈಯಲ್ಲಿ ಹೆಕ್ಕಿದ್ದು ಅಂತ ಬರೆದದ್ದು ಯಾರು? ಇದು ಕೆರೆದು ತೆಗೆದದ್ದು. ಅಂಚೆಲ್ಲ ಒಡೆದುಂಟು, ನೋಡಿ."

ಬರೆದದ್ದು ನಾನು.

ಊರಲ್ಲಿ ಅಳಿವೆಯ ಬದಿಯಲ್ಲಿ ಬೆಳೆದವಳು ಅವಳು. ನೀರಿಳಿದಾಗ ಅಲ್ಲಿನ ಹೆಂಗಸರು ಕಾಲಲ್ಲೇ ತಡವಿ ಮರುವಾಯಿ ಚಿಪ್ಪು ಹೆಕ್ಕುತ್ತಾರೆ. ಹೆಬ್ಬೆರಳಿನ ಉಗುರಿಗಿಂತ ಸಣ್ಣದನ್ನು ಅಲ್ಲೇ ಬಿಟ್ಟು ಬರಬೇಕು. ಸ್ಕಾಲಪ್ ದೋಣಿಗಳದ್ದು ಬೇರೆ ರೀತಿ. ಹಲ್ಲುಗಳಿರುವ ಕಬ್ಬಿಣದ ಚೌಕಟ್ಟು, ಹಿಂದೆ ಕಬ್ಬಿಣದ ಬಳೆಗಳ ಚೀಲ. ಕಡಲ ತಳಕ್ಕೆ ಕುಂಟೆ ಹೊಡೆದಂತೆ ಎಳೆಯುತ್ತಾರೆ. ಏಡಿ, ಹುಲ್ಲು, ಅದರಲ್ಲಿ ಅಡಗಿದ ಮೀನುಮರಿ, ಯಾವುದೂ ಉಳಿಯುವುದಿಲ್ಲ. ಅದಕ್ಕೇ ಕೆಲವು ಜಾಗಗಳನ್ನೂ ಕೆಲವು ತಿಂಗಳುಗಳನ್ನೂ ಮುಚ್ಚುತ್ತಾರೆ, ಸಣ್ಣ ಚಿಪ್ಪು ಜಾರಿ ಹೋಗುವಂತೆ ಬಳೆಯ ಅಗಲ ಗೊತ್ತುಮಾಡುತ್ತಾರೆ. ಎಲ್ಲಿ, ಹೇಗೆ ಹಿಡಿದದ್ದು ಎಂಬ ಕಾಗದ ಸರಕಿನ ಜೊತೆ ಬರುವುದೂ ಅದಕ್ಕೇ. ಆ ಕಾಗದ ಓದಬಲ್ಲ ನನ್ನಂಥ ಪದವೀಧರನೇ ಸುಳ್ಳು ಅಚ್ಚು ಹಾಕಿದರೆ ಆ ನಿಯಮವೆಲ್ಲ ಯಾವ ಚಂದಕ್ಕೆ?

ಜಿದ್ದಾದ ಹೋಟೆಲುಗಳಿಗೆ ಕೈಯಿಂದ ಹೆಕ್ಕಿದ್ದೇ ಬೇಕಂತೆ ಎಂದಿದ್ದರು ನಮ್ಮ ಮ್ಯಾನೇಜರ್, ಉಡುಪಿ ಕಡೆಯವರು. ಕಾಗದದಲ್ಲಿ ಹಾಗಿಲ್ಲ ಎಂದೆ. "ಎಂತ ಮಾರಾಯ, ತಿನ್ನುವವನು ಚಿಪ್ಪಿನ ಜಾತಕ ಕೇಳ್ತಾನಾ? ಯಲ್ಲಾ, ಬೇಗ ಪ್ರಿಂಟ್ ಹಾಕು."

ಬಹಳ ವಿರೋಧಿಸಿದೆ, ಅವರು ಕೇಳಲಿಲ್ಲ ಎಂದು ಹೆಂಡತಿಗೆ ಹೇಳಿದೆ. ಹೇಳುವಾಗ ನನಗೂ ಅದು ನಿಜವೇ ಆಗಿತ್ತು. ಆಮೇಲೆ ದಿನಚರಿ ತೆರೆದೆ. ಆ ದಿನದ ಪುಟದಲ್ಲಿ ಜಗಳವಿಲ್ಲ. "ಲೇಬಲ್ ಮುಗಿಯಿತು. ಬೇಗ ಮನೆಗೆ ಬಂದೆ." ಅಷ್ಟೇ. ಜಾತಕದ ಮಾತಿಗೆ ನಾನೂ ನಕ್ಕಿರಬೇಕು.

ಸಿಟ್ಟು ಮ್ಯಾನೇಜರ್ ಮೇಲೆ ಇತ್ತು. ಈಗ ಎಲ್ಲಿಡುವುದೆಂದು ತಿಳಿಯಲಿಲ್ಲ.

ಮರುದಿನ ಹೊಸ ಸರಕು ಬಂತು. ಲೇಬಲ್‌ನಲ್ಲಿ "ಕಡಲ ತಳ ಕೆರೆದು ಹಿಡಿದದ್ದು" ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಟೈಪ್ ಮಾಡಿದೆ. ಮ್ಯಾನೇಜರ್ ಹಿಂದೆ ನಿಂತು ಓದಿದರು.

"ಇಕಾಮಾ ರಿನ್ಯೂ ಆಗ್ಲಿಕ್ಕುಂಟು ನಿಂದು. ನೆನಪುಂಟಲ್ಲ?" ಇಲ್ಲಿ ಉಳಿಯುವ ಪರವಾನಗಿ ಅದು, ಕಂಪನಿ ಒಪ್ಪಿದರೆ ಮಾತ್ರ ನವೀಕರಣ.

"ಉಂಟು," ಎಂದು ಪ್ರಿಂಟ್ ಒತ್ತಿದೆ.

ನೆನಪು ಇದನ್ನೂ ತಿದ್ದುವ ಮೊದಲು, ಮನೆಗೆ ಬಂದ ಕೂಡಲೇ ದಿನಚರಿಯಲ್ಲಿ ಬರೆದಿದ್ದೇನೆ: ಹಳೆಯ ಲೇಬಲ್ ಹೊತ್ತು ಜಿದ್ದಾಕ್ಕೆ ಆಗಲೇ ಹೋಗಿದ್ದ ಪೆಟ್ಟಿಗೆಗಳ ಬಗ್ಗೆ ನಾನು ಯಾರಿಗೂ ಏನೂ ಹೇಳಲಿಲ್ಲ.